ಮ್ಯಾನಿಫೋಲ್ಡ್ ಕೊರೆದರೆ ದೇವಿಮನೆ ಘಟ್ಟ ಹಗುರಾಗುತ್ತದಾ?

ಪ್ರಶ್ನೆ: ನಾನು ಕಾರವಾರದವನು. ನನ್ನ ಹತ್ತಿರ ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇದೆ. 1.8 ಲೀಟರಿನ ಟರ್ಬೊ ಪೆಟ್ರೋಲ್ ಗಾಡಿ. ಸೆಕೆಂಡ್ ಹ್ಯಾಂಡ್ ತಗೊಂಡದ್ದು, ಹದಿನೈದು ವರ್ಷ ದಾಟಿ ಮರುನೋಂದಣಿಯೂ ಆಗಿದೆ. ತಿಂಗಳಿಗೆರಡು ಸಲ ಕುಮಟಾ ಮೇಲಿಂದ ಶಿರಸಿಗೆ ಹೋಗುತ್ತೇನೆ, ಅಲ್ಲಿ ಹೆಂಡತಿಯ ತವರು. ದೇವಿಮನೆ ಘಟ್ಟದಲ್ಲಿ ತಿರುವು ಮುಗಿಸಿ ಎಕ್ಸಲೇಟರ್ ತುಳಿದರೆ ಗಾಡಿ ತಕ್ಷಣ ಏಳುವುದಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡನ್ನು ಒಳಗಿನಿಂದ ಕೊರೆದು ಅಗಲ ಮಾಡಿ ಪಾಲಿಶ್ ಹೊಡೆಸಿದರೆ ಇಪ್ಪತ್ತು ಅಶ್ವಶಕ್ತಿ ಜಾಸ್ತಿ ಬರುತ್ತದೆ ಎಂದು ಗೋವಾದ ಗೆಳೆಯನೊಬ್ಬ ಹೇಳುತ್ತಾನೆ. ಇಲ್ಲಿಯ ಲೇತ್ ಶಾಪಿನವರು ಡ್ರಿಲ್ ಮಷೀನಿಗೆ ಕಲ್ಲು ಹಾಕಿ ಮಾಡಿಕೊಡುತ್ತೇವೆ ಅಂದಿದ್ದಾರೆ. ಮಾಡಿಸಲಾ?

ಉತ್ತರ: ಮೊದಲು ಆ ಇಪ್ಪತ್ತು ಅಶ್ವಶಕ್ತಿಯ ಮಾತನ್ನು ಬದಿಗಿಡೋಣ. ಬೇರೇನನ್ನೂ ಮುಟ್ಟದೆ ಬರೀ ಮ್ಯಾನಿಫೋಲ್ಡ್ ಕೊರೆದರೆ ನಿಮ್ಮ ಗಾಡಿಯಲ್ಲಿ ಅಷ್ಟು ಬರುವುದಿಲ್ಲ. ತಪ್ಪಾಗಿ ಕೊರೆದರೆ ದೇವಿಮನೆಯಲ್ಲಿ ಗಾಡಿ ಈಗಿನದಕ್ಕಿಂತ ಮಂದ ಆಗುವುದೂ ಉಂಟು. ಹಾಗಂತ ಪೋರ್ಟಿಂಗ್, ಅಂದರೆ ಗಾಳಿಯ ದಾರಿಯನ್ನು ಕೊರೆದು ತಿದ್ದುವುದು, ಎನ್ನುವುದೇ ಸುಳ್ಳು ಅಂತಲ್ಲ. ಅದರಲ್ಲಿ ಎರಡು ಬೆರಳಗಲದ ಒಂದು ಕೆಲಸ ಇದೆ, ಅದು ಮಾಡುವಂಥದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಇಂಜಿನ್‌ಗೆ ಗಾಳಿ ಹೋಗುವ ದಾರಿ ಹೀಗಿದೆ. ಏರ್ ಫಿಲ್ಟರ್, ಗಾಳಿ ಅಳೆಯುವ ಮ್ಯಾಫ್ ಸೆನ್ಸರ್, ಗಾಳಿಯನ್ನು ಒತ್ತಿ ತುಂಬುವ ಟರ್ಬೊ, ಒತ್ತಿ ಬಿಸಿಯಾದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್, ಎಕ್ಸಲೇಟರ್ ತುಳಿದರೆ ತೆರೆಯುವ ಥ್ರಾಟಲ್, ಆಮೇಲೆ ಮ್ಯಾನಿಫೋಲ್ಡ್. ಮ್ಯಾನಿಫೋಲ್ಡ್ ಅಂದರೆ ಒಂದು ಉದ್ದನೆಯ ಡಬ್ಬ, ಅದರಿಂದ ಹೊರಟ ನಾಲ್ಕು ಕೊಳವೆ. ಡಬ್ಬಕ್ಕೆ ಪ್ಲೀನಮ್ ಅನ್ನುತ್ತಾರೆ, ಕೊಳವೆಗೆ ರನ್ನರ್. ನಾಲ್ಕು ರನ್ನರ್ ಹೆಡ್ಡಿನ, ಅಂದರೆ ಸಿಲಿಂಡರುಗಳ ಮೇಲೆ ಕೂರುವ ವಾಲ್ವ್ ಇರುವ ಭಾಗದ, ನಾಲ್ಕು ಬಾಯಿಗೆ ಸೇರುತ್ತವೆ. ನಿಮ್ಮದರಲ್ಲಿ ಇದು ಎರಕದ ಅಲ್ಯೂಮಿನಿಯಂ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳು ರನ್ನರಿನ ತುದಿಯಲ್ಲಿ ಕೂತಿವೆ.

ಜನ ಇದನ್ನು ಗಾಳಿ ಸಾಗಿಸುವ ಪೈಪು ಅಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅದು ಗಾಳಿ ಹಂಚುವ ಸಾಮಾನು. ಶಿರಸಿ ಕಡೆ ತೋಟಕ್ಕೆ ನೀರು ಬಿಡುವುದನ್ನು ನೋಡಿರುತ್ತೀರಲ್ಲ. ಕಾಲುವೆಯಲ್ಲಿ ನೀರು ಎಷ್ಟೇ ಬರಲಿ, ನಾಲ್ಕು ಸಾಲಿಗೆ ಸಮನಾಗಿ ಹೋಗದಿದ್ದರೆ ಒಂದು ಸಾಲು ಕೊಳೆಯುತ್ತದೆ, ಇನ್ನೊಂದು ಒಣಗುತ್ತದೆ. ಇಂಜಿನ್‌ನಲ್ಲೂ ಹಾಗೇ. ಕಂಪ್ಯೂಟರ್ ನಾಲ್ಕೂ ಸಿಲಿಂಡರಿಗೆ ಒಂದೇ ಅಳತೆಯ ಪೆಟ್ರೋಲ್ ಕೊಡುತ್ತದೆ. ಯಾವ ಸಿಲಿಂಡರಿಗೆ ಗಾಳಿ ಸ್ವಲ್ಪ ಜಾಸ್ತಿ ಹೋಯಿತೋ ಅದರಲ್ಲಿ ಪೆಟ್ರೋಲಿನ ಪಾಲು ಕಡಿಮೆ ಬೀಳುತ್ತದೆ. ಅದು ಬಿಸಿ ಆಗುತ್ತದೆ, ನಾಕಿಂಗ್ ಹೊಡೆಯುತ್ತದೆ, ಅಂದರೆ ಒಳಗಿನ ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ತಾನೇ ಸಿಡಿಯುತ್ತದೆ. ಸೈಲೆನ್ಸರ್ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ ನಾಲ್ಕರ ಹೊಗೆಯನ್ನೂ ಒಟ್ಟಿಗೆ ಮೂಸಿ ಸರಾಸರಿ ಹೇಳುತ್ತದೆ, ಅಷ್ಟೆ. ಒಂದು ಸಿಲಿಂಡರ್ ಒಣಗುತ್ತಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಟರ್ಬೊ ಇಲ್ಲದ ಗಾಡಿಯಲ್ಲಿ ಈ ಹೆಚ್ಚುಕಮ್ಮಿ ನಡೆದುಹೋಗುತ್ತದೆ. ಟರ್ಬೊ ಗಾಡಿಯಲ್ಲಿ ಹಾಗಲ್ಲ. ಸಿಲಿಂಡರಿನೊಳಗೆ ಮೊದಲೇ ಒತ್ತಡ ಜಾಸ್ತಿ. ನಾಲ್ಕರಲ್ಲಿ ಯಾವುದು ಹೆಚ್ಚು ಒಣಗಿದೆಯೋ ಅದು ತಡೆದುಕೊಳ್ಳುವಷ್ಟೇ ಇಡೀ ಇಂಜಿನ್ ತಡೆದುಕೊಳ್ಳುತ್ತದೆ. ಡ್ರಿಲ್ ಮಷೀನಿಗೆ ಕಲ್ಲು ಹಾಕಿ ಕಣ್ಣಂದಾಜಿನಲ್ಲಿ ನಾಲ್ಕು ರನ್ನರ್ ಕೊರೆದರೆ ನಾಲ್ಕೂ ಒಂದೇ ಥರ ಬರುತ್ತವಾ? ಒಂದನೆಯದಕ್ಕೆ ಉತ್ಸಾಹ ಇರುತ್ತದೆ, ನಾಲ್ಕನೆಯದು ಬರುವಾಗ ಕೈ ಸೋತಿರುತ್ತದೆ. ಕಂಪನಿಯ ಎರಕ ಒರಟಾಗಿರಬಹುದು, ಆದರೆ ನಾಲ್ಕು ರನ್ನರೂ ಒಂದೇ ಅಚ್ಚಿನಿಂದ ಹುಟ್ಟಿದವು. ಅದನ್ನು ಕೆಡಿಸುವುದು ಸುಲಭ.

ಈಗ ನಿಮ್ಮ ಗೆಳೆಯರ ಲೆಕ್ಕ ನೋಡೋಣ. ನಿಮ್ಮ ಗಾಡಿಗೆ ಕಂಪನಿ ಹೇಳಿದ್ದು 150 ಅಶ್ವಶಕ್ತಿ. ಇಪ್ಪತ್ತು ಜಾಸ್ತಿ ಅಂದರೆ ನೂರಕ್ಕೆ ಹದಿಮೂರು. ಇಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ಒಳಗೆ ಹೋದ ಗಾಳಿಯ ತೂಕಕ್ಕೆ ತಕ್ಕಂತೆ ಇರುತ್ತದೆ. ಅಂದಮೇಲೆ ಮ್ಯಾನಿಫೋಲ್ಡ್ ಕೊರೆದು ಹದಿಮೂರು ಪಾಲು ಗಳಿಸಬೇಕಾದರೆ, ಈಗ ಅಲ್ಲಿ ಅದಕ್ಕಿಂತ ಜಾಸ್ತಿ ನಷ್ಟ ಆಗುತ್ತಿರಬೇಕು. ಅಷ್ಟೊಂದು ಕಟ್ಟಿಕೊಂಡ ಮ್ಯಾನಿಫೋಲ್ಡ್ ಯಾರೂ ಮಾಡುವುದಿಲ್ಲ. ಇದೇ ಕುಟುಂಬದ 1.8 ಟರ್ಬೊ ಇಂಜಿನ್‌ನಿಂದ ಯುರೋಪಿನ ಆಕ್ಟೇವಿಯಾ ಆರ್‌ಎಸ್‌ಗೆ 180 ಅಶ್ವಶಕ್ತಿ ಕೊಟ್ಟಿದ್ದರು. ಆಡಿ ಟಿಟಿಯ ಒಂದು ಮಾದರಿಗೆ 225 ಕೊಟ್ಟರು. ಅಷ್ಟು ಬಂದದ್ದು ದೊಡ್ಡ ಟರ್ಬೊ ಮತ್ತು ಎರಡು ಇಂಟರ್‌ಕೂಲರ್ ಇಟ್ಟದ್ದರಿಂದ, ಮ್ಯಾನಿಫೋಲ್ಡಿಗೆ ಪಾಲಿಶ್ ಹೊಡೆದದ್ದರಿಂದ ಅಲ್ಲ. ನಿಮ್ಮದರಲ್ಲಿ ಇರುವುದು ಕೆ03 ಎಂಬ ಸಣ್ಣ ಟರ್ಬೊ. ಮೇಲಿನ ಆರ್‌ಪಿಎಂನಲ್ಲಿ ಮೊದಲು ಸುಸ್ತಾಗುವುದು ಅದೇ. ಎರಡು ಕಿರಿದಾದ ಸೇತುವೆಗಳ ನಡುವಿನ ರಸ್ತೆಯನ್ನು ಮಾತ್ರ ನಾಲ್ಕು ಲೇನ್ ಮಾಡಿದರೆ ಏನಾಗುತ್ತದೆ ಎಂದು ನಮ್ಮ 66ನೇ ಹೆದ್ದಾರಿಯಲ್ಲಿ ಓಡಾಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಾದವೂ ಕೇಳಿಬರುತ್ತದೆ, ಇದಕ್ಕೆ ಪೂರ್ತಿ ಉಲ್ಟಾ. ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದಲ್ಲ, ಹಾಗಾಗಿ ದಾರಿ ಹೇಗಿದ್ದರೂ ನಡೆಯುತ್ತದೆ ಎಂದು. ಅದೂ ತಪ್ಪು. ಟರ್ಬೊ ತುಂಬುವ ಹೆಚ್ಚಿನ ಒತ್ತಡಕ್ಕೆ ಬೂಸ್ಟ್ ಅನ್ನುತ್ತಾರೆ. ರನ್ನರಿನಲ್ಲಿ ಗಾಳಿ ಓಡುವ ವೇಗ ಬೂಸ್ಟ್ ಏರಿದರೆ ಏರುವುದಿಲ್ಲ. ಪಿಸ್ಟನ್ ಒಂದು ಸಲಕ್ಕೆ ಎಳೆಯುವುದು ಅದೇ 445 ಸಿಸಿ. ಏರುವುದು ಗಾಳಿಯ ಸಾಂದ್ರತೆ. ಸಾಂದ್ರತೆ ಏರಿದಂತೆ ದಾರಿಯಲ್ಲಿ ಕಳೆಯುವ ಒತ್ತಡವೂ ಅದೇ ಪ್ರಮಾಣದಲ್ಲಿ ಏರುತ್ತದೆ. ಅಂದರೆ ಟರ್ಬೊ ಇಲ್ಲದ ಗಾಡಿಯಲ್ಲಿ ನೂರಕ್ಕೆ ಮೂರು ಕಳೆಯುವ ಮ್ಯಾನಿಫೋಲ್ಡ್ ಟರ್ಬೊ ಗಾಡಿಯಲ್ಲೂ ಹತ್ತಿರಹತ್ತಿರ ಮೂರೇ ಕಳೆಯುತ್ತದೆ. ಮೂರು ಅಂದದ್ದು ಸುಮ್ನೆ ಲೆಕ್ಕಕ್ಕೆ. ಒಳ್ಳೆಯ ಕೈಯವರು ಕೆಲಸ ಮಾಡಿ ಅದರಲ್ಲಿ ಒಂದು ಉಳಿಸಿದರು ಅಂತಿಟ್ಟುಕೊಳ್ಳಿ, ನಿಮಗೆ ಸಿಕ್ಕಿದ್ದು ಒಂದೂವರೆ ಅಶ್ವಶಕ್ತಿ. ಎಸಿ ಆಫ್ ಮಾಡಿದರೂ ಅದಕ್ಕಿಂತ ಜಾಸ್ತಿ ಸಿಗುತ್ತದೆ.

ಹಾಗಾದರೆ ಅಗಲ ಮಾಡಿದರೆ ಮಂದ ಯಾಕೆ ಆಗುತ್ತದೆ? ರನ್ನರಿನ ಒಳವ್ಯಾಸ ಲೆಕ್ಕಕ್ಕೆ 35 ಮಿಮೀ ಇರಲಿ. 6000 ಆರ್‌ಪಿಎಂನಲ್ಲಿ ವಾಲ್ವ್ ತೆರೆದಿರುವ ಹೊತ್ತಿನಲ್ಲಿ ಗಾಳಿ ಅದರೊಳಗೆ ಸೆಕೆಂಡಿಗೆ ಸುಮಾರು 70 ಮೀಟರ್ ವೇಗದಲ್ಲಿ ನುಗ್ಗುತ್ತದೆ. 2000 ಆರ್‌ಪಿಎಂಗೆ ಇಳಿದರೆ ವೇಗ ಮೂರನೇ ಒಂದು ಭಾಗ ಆಯಿತು. ಈಗ ಕೊರೆದು 40 ಮಿಮೀ ಮಾಡಿದಿರಿ ಅನ್ನಿ. ಆ ಉಳಿದ ವೇಗದಲ್ಲೂ ಕಾಲು ಭಾಗದಷ್ಟು ಹೋಯಿತು. ಗಾಳಿಗೆ ಓಟ ಇದ್ದರೆ ಪಿಸ್ಟನ್ ಕೆಳಗೆ ನಿಂತ ಮೇಲೂ ಅದು ತನ್ನ ರಭಸಕ್ಕೆ ಒಳಗೆ ತುಂಬುತ್ತದೆ, ಪೆಟ್ರೋಲಿನ ಜೊತೆ ಚೆನ್ನಾಗಿ ಬೆರೆಯುತ್ತದೆ. ಓಟ ಸತ್ತರೆ ಎರಡೂ ಹೋದವು. ಟರ್ಬೊ ತಿರುಗಬೇಕಾದರೆ ಮೊದಲು ಇಂಜಿನ್ನೇ ಬಿಸಿ ಹೊಗೆ ಕೊಡಬೇಕು. ತಿರುವು ಮುಗಿಸಿ ನೀವು ಎಕ್ಸಲೇಟರ್ ತುಳಿಯುವುದು ಸರಿಯಾಗಿ ಈ 2000 ಆರ್‌ಪಿಎಂ ಆಸುಪಾಸಿನಲ್ಲಿ, ಬೂಸ್ಟ್ ಇನ್ನೂ ಬರದ ಹೊತ್ತಿನಲ್ಲಿ. ಅಗಲದ ರನ್ನರ್ ನಿಮ್ಮಿಂದ ಕಿತ್ತುಕೊಳ್ಳುವುದು ಅಲ್ಲೇ.

ಅಂದಮೇಲೆ ದೇವಿಮನೆಯಲ್ಲಿ ಗಾಡಿ ಏಳದಿರುವುದಕ್ಕೆ ಕಾರಣ ಬೇರೆ ಕಡೆ ಹುಡುಕಬೇಕು. ಒಂದು ಕಾರಣ ಘಟ್ಟವೇ. ಕುಮಟಾ ಸಮುದ್ರಮಟ್ಟದಲ್ಲಿದೆ, ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಮೇಲೆ ಹೋಗುವಷ್ಟರಲ್ಲಿ ಗಾಳಿಯ ಒತ್ತಡ ನೂರಕ್ಕೆ ಏಳರಷ್ಟು ಇಳಿದಿರುತ್ತದೆ. ಬೂಸ್ಟ್ ಬಂದ ಮೇಲೆ ಟರ್ಬೊ ಅದನ್ನು ತುಂಬಿಕೊಡುತ್ತದೆ. ಬರುವ ಮೊದಲು ನಿಮ್ಮದೂ ಎಲ್ಲರ ಹಾಗೆ ಬಡ 1.8 ಲೀಟರ್ ಗಾಡಿ. ಇದಕ್ಕೆ ಮದ್ದು ಗೇರ್. ಮೂರನೆಯದರಲ್ಲಿ ತಿರುವು ಎಳೆಯುವ ಬದಲು ಎರಡಕ್ಕೆ ಇಳಿಸಿ. ಇದು ಪುಕ್ಕಟೆ.

ಇನ್ನೊಂದು ಕಾರಣ ಇಂಟರ್‌ಕೂಲರ್. ನಿಮ್ಮ ಗಾಡಿಯಲ್ಲಿ ಅದು ಮುಂದುಗಡೆ ನಡುವೆ ಇಲ್ಲ, ಬಂಪರಿನ ಒಂದು ಮೂಲೆಯಲ್ಲಿ, ಚಕ್ರದ ಮುಂದೆ ಅಡಗಿ ಕೂತಿದೆ. ಹೆದ್ದಾರಿಯಲ್ಲಿ ಅದಕ್ಕೆ ಗಾಳಿ ಸಿಗುತ್ತದೆ. ಘಟ್ಟದಲ್ಲಿ ಇಪ್ಪತ್ತು ಮೂವತ್ತರ ವೇಗದಲ್ಲಿ, ಮುಂದೊಂದು ಲಾರಿ ಹೊಗೆ ಬಿಡುತ್ತಾ ಏರುತ್ತಿರುವಾಗ, ಅದಕ್ಕೆ ಏನು ಗಾಳಿ ಸಿಕ್ಕೀತು? ಅದರ ರೆಕ್ಕೆಗಳ ನಡುವೆ ಹಲವು ಮಳೆಗಾಲದ ಕೆಂಪು ಕೆಸರು ಬೇರೆ. ಕರಾವಳಿಯ ಉಪ್ಪು ಗಾಳಿಗೆ ಆ ತೆಳು ರೆಕ್ಕೆಗಳು ಬಿಳಿ ಪುಡಿಯಾಗಿ ಉದುರಿರುವುದನ್ನೂ ನೋಡಿದ್ದೇನೆ. ಮ್ಯಾನಿಫೋಲ್ಡಿಗೆ ಹೋಗುವ ಗಾಳಿ 40 ಡಿಗ್ರಿ ಇರುವ ಬದಲು 60 ಡಿಗ್ರಿ ಆದರೆ ಅದರ ತೂಕ ನೂರಕ್ಕೆ ಆರು ಕಡಿಮೆ. ಮೇಲಿಂದ ಬಿಸಿ ಗಾಳಿಗೆ ಹೆದರಿ ಕಂಪ್ಯೂಟರ್ ಕಿಡಿಯ ಟೈಮಿಂಗನ್ನೂ ಹಿಂದೆ ಎಳೆಯುತ್ತದೆ, ಅಂದರೆ ಕಿಡಿ ತಡವಾಗಿ ಹಾರಿಸುತ್ತದೆ, ಶಕ್ತಿ ಇನ್ನೂ ಇಳಿಯುತ್ತದೆ. ಮ್ಯಾನಿಫೋಲ್ಡ್ ಕೊರೆದು ಒಂದು ಪಾಲು ಗಳಿಸಲು ಹೊರಟವರು ಇಲ್ಲಿ ಆರು ಪಾಲು ಕಳೆದುಕೊಂಡು ಕೂತಿರುತ್ತಾರೆ. ಬಂಪರ್ ಬಿಚ್ಚಿ, ಮೆತ್ತಗಿನ ನೀರಿನ ಧಾರೆಯಲ್ಲಿ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಹತ್ತಿರ ಹಿಡಿದರೆ ರೆಕ್ಕೆ ಮಲಗಿಬಿಡುತ್ತದೆ, ಜೋಕೆ.

ಮೂರನೆಯದು ಲೀಕ್. ನಿಮ್ಮ ಇಂಜಿನ್ ವಯಸ್ಸಾದಾಗ ಎಲ್ಲಿ ಕೈಕೊಡುತ್ತದೆ ಎನ್ನುವುದು ಇದನ್ನು ಬಿಚ್ಚಿದವರಿಗೆಲ್ಲ ಬಾಯಿಪಾಠ. ಎಕ್ಸಲೇಟರ್ ಬಿಟ್ಟಾಗ ಟರ್ಬೊ ಒತ್ತಿದ ಗಾಳಿಯನ್ನು ಹಿಂದಕ್ಕೆ ತಿರುಗಿಸುವ ಡೈವರ್ಟರ್ ವಾಲ್ವಿನ ಒಳಗಿನ ರಬ್ಬರ್ ಪೊರೆ ಹರಿಯುತ್ತದೆ. ಮ್ಯಾನಿಫೋಲ್ಡಿನ ಕೆಳಗಿನ ಸಣ್ಣ ವ್ಯಾಕ್ಯೂಮ್ ಪೈಪುಗಳು ಬಿಸಿಗೆ ಬಿರುಕು ಬಿಡುತ್ತವೆ. ಇಂಟರ್‌ಕೂಲರ್ ಪೈಪಿನ ಕ್ಲ್ಯಾಂಪ್ ಸಡಿಲ ಆಗುತ್ತದೆ. ನಿಮ್ಮದು ಮ್ಯಾಫ್ ಇರುವ ಗಾಡಿ, ಅಂದರೆ ಗಾಳಿಯನ್ನು ಬಾಗಿಲಲ್ಲೇ ತೂಗಿ ಲೆಕ್ಕ ಇಡುತ್ತದೆ. ಬೂಸ್ಟ್ ಇರುವಾಗ ನಡುದಾರಿಯಲ್ಲಿ ಸೋರಿದರೆ, ತೂಗಿದ ಗಾಳಿ ಇಂಜಿನ್‌ಗೆ ತಲುಪಲಿಲ್ಲ, ಪೆಟ್ರೋಲ್ ಮಾತ್ರ ಪೂರ್ತಿ ತಲುಪಿತು. ಕಪ್ಪು ಹೊಗೆ, ಸತ್ತ ಪಿಕಪ್. ಐಡ್ಲಿಂಗಿನಲ್ಲಿ ಥ್ರಾಟಲ್ ಆಚೆಗಿನ ಅದೇ ತೂತು ಉಲ್ಟಾ ಕೆಲಸ ಮಾಡುತ್ತದೆ. ತೂಗದ ಗಾಳಿಯನ್ನು ಒಳಗೆ ಎಳೆದು ಇಂಜಿನ್ ನಡುಗಿಸುತ್ತದೆ. ಒಂದೇ ತೂತು, ಎರಡು ರೋಗ. ಮೆಕ್ಯಾನಿಕ್ ಎರಡಕ್ಕೂ ಬೇರೆಬೇರೆ ಬಿಡಿಭಾಗ ಬದಲಿಸಿ ಬಿಲ್ ಕೊಡುತ್ತಾನೆ.

ಇದನ್ನೆಲ್ಲ ಊಹೆಯಲ್ಲಿ ಮಾಡಬೇಡಿ. ಈ ಗಾಡಿಯ ಕಂಪ್ಯೂಟರ್ ಬಹಳ ಬಾಯಿಬಡುಕ, ಕೇಳಿದರೆ ಎಲ್ಲ ಹೇಳುತ್ತದೆ. ಫೋಕ್ಸ್‌ವ್ಯಾಗನ್ ಕುಟುಂಬದ ಸ್ಕ್ಯಾನರ್ ಇರುವವರನ್ನು ಹಿಡಿಯಿರಿ. ಅದರಲ್ಲಿ ಅಂಕಿಗಳು ಮೆಷರಿಂಗ್ ಬ್ಲಾಕ್ ಎಂಬ ನಂಬರು ಹಾಕಿದ ಗುಂಪುಗಳಲ್ಲಿ ಕಾಣುತ್ತವೆ. ಮೆಷರಿಂಗ್ ಬ್ಲಾಕ್ 002ರಲ್ಲಿ ಮ್ಯಾಫ್ ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ತೂಗುತ್ತಿದೆ ಎಂದು ಕಾಣುತ್ತದೆ. ಫುಲ್ ಥ್ರಾಟಲ್‌ನಲ್ಲಿ ಅದರ ಗರಿಷ್ಠ ಅಂಕಿಯನ್ನು 0.8ರಿಂದ ಭಾಗಿಸಿದರೆ ಅಂದಾಜು ಅಶ್ವಶಕ್ತಿ ಸಿಗುತ್ತದೆ. 150 ಅಶ್ವಶಕ್ತಿಯ ಗಾಡಿಗೆ 120 ಗ್ರಾಂ ಹತ್ತಿರ ಬರಬೇಕು. ನಿಮ್ಮದು 95 ತೋರಿಸಿದರೆ, ಒಂದೋ ಮ್ಯಾಫ್ ಮುಪ್ಪಾಗಿ ಸುಳ್ಳು ಹೇಳುತ್ತಿದೆ, ಇಲ್ಲ ಟರ್ಬೊ ಸರಿಯಾಗಿ ಊದುತ್ತಿಲ್ಲ. ಬ್ಲಾಕ್ 115ರಲ್ಲಿ ಕೇಳಿದ ಬೂಸ್ಟ್ ಎಷ್ಟು, ಬಂದದ್ದು ಎಷ್ಟು ಎಂದು ಪಕ್ಕಪಕ್ಕ ಕಾಣುತ್ತದೆ. ಎರಡರ ನಡುವೆ ದೊಡ್ಡ ಅಂತರ ಇದ್ದರೆ ಲೀಕ್ ಹುಡುಕಿ. ಬ್ಲಾಕ್ 020 ನನಗೆ ಎಲ್ಲಕ್ಕಿಂತ ಇಷ್ಟ. ನಾಕಿಂಗ್ ಕೇಳಿ ಯಾವ ಸಿಲಿಂಡರಿನ ಟೈಮಿಂಗನ್ನು ಎಷ್ಟು ಡಿಗ್ರಿ ಹಿಂದೆಳೆದಿದೆ ಎಂದು ನಾಲ್ಕೂ ಸಿಲಿಂಡರಿನ ಲೆಕ್ಕ ಬಿಡಿಬಿಡಿಯಾಗಿ ಕೊಡುತ್ತದೆ. ಮೂರು ಸಿಲಿಂಡರ್ ಸುಮ್ಮನಿದ್ದು ಒಂದೇ ಸಿಲಿಂಡರ್ ಪ್ರತಿ ಸಲ ಹಿಂದೆ ಸರಿಯುತ್ತಿದ್ದರೆ, ಹಂಚಿಕೆಯಲ್ಲಿ ಅಥವಾ ಆ ಸಿಲಿಂಡರಿನ ಇಂಜೆಕ್ಟರಿನಲ್ಲಿ ಏನೋ ಐಬಿದೆ. ಮ್ಯಾನಿಫೋಲ್ಡ್ ಬಿಚ್ಚಿ ನೋಡಲು ಒಂದು ನ್ಯಾಯವಾದ ಕಾರಣ ಸಿಕ್ಕಿತು.

ಬೂಸ್ಟ್ ಸೆನ್ಸರಿನ ಜಾಗವನ್ನೂ ಗಮನಿಸಿ. ನಿಮ್ಮದರಲ್ಲಿ ಅದು ಥ್ರಾಟಲಿಗಿಂತ ಹಿಂದೆ, ಇಂಟರ್‌ಕೂಲರ್ ಕಡೆಯ ಪೈಪಿನಲ್ಲಿದೆ. ಕಂಪ್ಯೂಟರ್ ಕಾಯುವುದು ಅಲ್ಲಿಯ ಒತ್ತಡವನ್ನು. ಹಾಗಾಗಿ ಮ್ಯಾನಿಫೋಲ್ಡಿನ ನಷ್ಟ ತಗ್ಗಿಸಿದರೆ ಅಷ್ಟೂ ಸಿಲಿಂಡರಿಗೆ ಸಿಗುತ್ತದೆ. ಸೆನ್ಸರ್ ಮ್ಯಾನಿಫೋಲ್ಡಿನ ಮೇಲೇ ಕೂತಿರುವ ಗಾಡಿಗಳಲ್ಲಿ ಕಂಪ್ಯೂಟರ್ ಥ್ರಾಟಲ್‌ನಿಂದ ಪ್ಲೀನಮ್‌ವರೆಗಿನ ನಷ್ಟವನ್ನು ಮೊದಲೇ ತುಂಬಿಸಿಕೊಂಡಿರುತ್ತದೆ. ಅಲ್ಲಿ ದಾರಿ ಸಲೀಸು ಮಾಡಿದರೆ ಟರ್ಬೊಗೆ ಸ್ವಲ್ಪ ಆರಾಮ, ಅಷ್ಟೆ. ಮ್ಯಾಫ್ ಇಲ್ಲದೆ ಒತ್ತಡ ನೋಡಿಯೇ ಗಾಳಿಯ ಲೆಕ್ಕ ಹಾಕುವ ಗಾಡಿಗಳಲ್ಲಂತೂ ರನ್ನರ್ ಬದಲಿಸಿ ಕಂಪ್ಯೂಟರಿನ ಲೆಕ್ಕವನ್ನು, ಅಂದರೆ ಟ್ಯೂನ್, ಬದಲಿಸದಿದ್ದರೆ ಪೆಟ್ರೋಲಿನ ಲೆಕ್ಕವೇ ತಪ್ಪುತ್ತದೆ. ಒಂದೇ ಕೆಲಸ ಒಬ್ಬರ ಗಾಡಿಯಲ್ಲಿ ಫಲ ಕೊಟ್ಟು ಇನ್ನೊಬ್ಬರದರಲ್ಲಿ ಕೊಡದಿರುವುದಕ್ಕೆ ಇದೂ ಒಂದು ಕಾರಣ.

ಸರಿ, ಇಷ್ಟೆಲ್ಲ ಮಾಡಿದಿರಿ, ಲೀಕ್ ಇಲ್ಲ, ಇಂಟರ್‌ಕೂಲರ್ ತೊಳೆದಾಯಿತು, ಅಂಕಿಗಳು ಸರಿ ಇವೆ. ಮ್ಯಾನಿಫೋಲ್ಡ್ ಮತ್ತು ಹೆಡ್ಡಿನ ನಡುವೆ ಸೋರದಂತೆ ಇಡುವ ಗ್ಯಾಸ್ಕೆಟ್ ಬದಲಿಸಲೋ ಆ ಕೆಳಗಿನ ಪೈಪುಗಳಿಗೋ ಮ್ಯಾನಿಫೋಲ್ಡ್ ಹೇಗೂ ಬಿಚ್ಚಬೇಕಾಗಿ ಬಂತು. ಆಗ ಮಾಡಬಹುದಾದ್ದು ನಾನು ಮೊದಲು ಹೇಳಿದ ಎರಡು ಬೆರಳಗಲದ ಕೆಲಸ. ಮ್ಯಾನಿಫೋಲ್ಡ್ ಹೆಡ್ಡಿಗೆ ಸೇರುವ ಜಾಗವನ್ನು ಸರಿಹೊಂದಿಸುವುದು. ಇದಕ್ಕೆ ಪೋರ್ಟ್ ಮ್ಯಾಚಿಂಗ್ ಅನ್ನುತ್ತಾರೆ.

ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ನೀರು ತರುವುದು ನಿಮ್ಮ ಮಾವನ ಮನೆಯಲ್ಲಿ ಇದ್ದರೂ ಇರಬಹುದು. ಒಂದು ದಂಬೆ ಇನ್ನೊಂದಕ್ಕೆ ಸೇರುವಲ್ಲಿ ಹೇಗೆ ಇಡುತ್ತಾರೆ? ಮೇಲಿನದರ ತುದಿ ಕೆಳಗಿನದರ ಒಳಗೆ ಕೂರುವ ಹಾಗೆ. ನೀರಿಗೆ ಎದುರಾಗಿ ಅಂಚು ಸಿಗಬಾರದು. ಉಲ್ಟಾ ಇಟ್ಟರೆ ಅಂಚಿಗೆ ಬಡಿದು ನೀರು ಚೆಲ್ಲುತ್ತದೆ. ಮ್ಯಾನಿಫೋಲ್ಡ್ ಮೇಲಿನ ದಂಬೆ, ಹೆಡ್ ಕೆಳಗಿನದು. ಮ್ಯಾನಿಫೋಲ್ಡಿನ ಬಾಯಿ ಹೆಡ್ಡಿನ ಬಾಯಿಗಿಂತ ಸುತ್ತಲೂ ಒಂದು ಕೂದಲೆಳೆ ಚಿಕ್ಕದಿದ್ದರೆ ಏನೂ ಚಿಂತೆ ಇಲ್ಲ. ಅರ್ಧ ಮಿಮೀ ತನಕ ನಾನು ಮುಟ್ಟುವುದೇ ಇಲ್ಲ. ವಾಲ್ವ್ ತೆರೆದ ಕ್ಷಣದಲ್ಲಿ ಹಿಮ್ಮುಖವಾಗಿ ನುಗ್ಗುವ ಹೊಗೆಗೆ ಆ ಸಣ್ಣ ಮೆಟ್ಟಿಲು ತಡೆಯೂ ಆಗುತ್ತದೆ. ಮ್ಯಾನಿಫೋಲ್ಡ್ ಬಾಯಿ ಹೆಡ್ಡಿಗಿಂತ ದೊಡ್ಡದಾದರೆ ಮಾತ್ರ ಗಾಳಿ ಹೆಡ್ಡಿನ ಅಂಚಿಗೆ ಮುಖ ಒಡೆದುಕೊಳ್ಳುತ್ತದೆ. ಈ 1.8 ಟರ್ಬೊ ಇಂಜಿನ್‌ನಲ್ಲಿ ಶುರುವಿನ ಕೆಲವು ಹೆಡ್ಡುಗಳಿಗೆ ದೊಡ್ಡ ಬಾಯಿ ಇತ್ತು, ಆಮೇಲಿನವಕ್ಕೆ ಚಿಕ್ಕದು. ದೊಡ್ಡ ಬಾಯಿಯ ಮ್ಯಾನಿಫೋಲ್ಡ್ ಅಗ್ಗಕ್ಕೆ ಸಿಕ್ಕಿತು ಅಂತ ಚಿಕ್ಕ ಬಾಯಿಯ ಹೆಡ್ಡಿಗೆ ಕೂರಿಸುವವರಿದ್ದಾರೆ. ಆ ತಪ್ಪು ಮಾಡಬೇಡಿ.

ಕೆಲಸ ಹೀಗೆ. ಬಿಚ್ಚುವ ಮುಂಚೆ ಎರಡು ದಿನ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಕುಡಿಸಿ. ಕಾರವಾರದ ಗಾಡಿ ಅಂದರೆ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಉಕ್ಕಿನ ಬೋಲ್ಟ್ ಕಚ್ಚಿಕೊಂಡಿರುತ್ತದೆ ಎಂದೇ ತಿಳಿಯಿರಿ. ಒಂದು ಮುರಿದರೆ ಉಳಿದ ಕೆಲಸವೆಲ್ಲ ಅದನ್ನು ತೆಗೆಯುವುದೇ ಆಗುತ್ತದೆ. ಬಿಚ್ಚಿದ ಕೂಡಲೇ ಹೆಡ್ಡಿನ ನಾಲ್ಕೂ ಬಾಯಿಗೆ ಗಟ್ಟಿಯಾಗಿ ಟೇಪ್ ಹಚ್ಚಿ. ಸಣ್ಣ ನಟ್ಟೊಂದು ಒಳಗೆ ಬಿದ್ದರೆ ಹೆಡ್ ಇಳಿಸಬೇಕು.

ಅಳತೆಯನ್ನು ಗ್ಯಾಸ್ಕೆಟ್ ನೋಡಿ ತೆಗೆಯಬೇಡಿ. ಎಲ್ಲರೂ ಹಾಗೇ ಮಾಡುವುದು, ಅಲ್ಲೇ ತಪ್ಪುವುದು. ಗ್ಯಾಸ್ಕೆಟ್ಟಿನ ಕಿಂಡಿ ಸಾಮಾನ್ಯವಾಗಿ ಎರಡೂ ಬಾಯಿಗಿಂತ ದೊಡ್ಡದಿರುತ್ತದೆ. ದಪ್ಪ ಕಾಗದವನ್ನು ಹೆಡ್ಡಿನ ಮೇಲಿಟ್ಟು, ಬೋಲ್ಟ್ ತೂತುಗಳನ್ನು ಆಧಾರ ಹಿಡಿದು, ಅಂಚಿನ ಮೇಲೆ ಬೆರಳು ಒತ್ತಿ ಬಾಯಿಯ ಅಚ್ಚು ತೆಗೆಯಿರಿ. ಅದನ್ನು ಮ್ಯಾನಿಫೋಲ್ಡಿನ ಮೇಲಿಟ್ಟು, ಮಾರ್ಕರ್ ಬಳಿದ ಮೇಲ್ಮೈಯಲ್ಲಿ ಚೂಪು ಮೊಳೆಯಿಂದ ಗೀರಿ. ಬೋಲ್ಟ್ ತೂತಿನಲ್ಲಿ ಸಡಿಲ ಇರುತ್ತದೆ, ಮ್ಯಾನಿಫೋಲ್ಡ್ ಅತ್ತಿತ್ತ ಒಂದು ಮಿಮೀ ಜರುಗಬಹುದು. ಹಾಗಾಗಿ ಮತ್ತೆ ಕೂರಿಸುವಾಗ ಅದೇ ಜಾಗಕ್ಕೆ ಬರುವಂತೆ ಮೊದಲೇ ಗುರುತು ಮಾಡಿಕೊಳ್ಳಿ. ಇಲ್ಲದಿದ್ದರೆ ಇಷ್ಟು ನಾಜೂಕು ಮಾಡಿಯೂ ಸುಖವಿಲ್ಲ.

ಲೇತ್ ಶಾಪಿನವರ ಡ್ರಿಲ್ ಮಷೀನು ಮತ್ತು ಕಲ್ಲು ಇದಕ್ಕೆ ಆಗುವುದಿಲ್ಲ. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಕಲ್ಲಿನ ರಂಧ್ರಗಳಿಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಕಲ್ಲು ಕೊರೆಯುವುದಿಲ್ಲ, ಉಜ್ಜಿ ಬಿಸಿ ಮಾಡುತ್ತದೆ. ಡ್ರಿಲ್ಲಿನ ವೇಗವೂ ಸಾಲದು, ಅದು ಕೈಯಲ್ಲಿ ಕುಣಿಯುತ್ತದೆ. ಬೇಕಾದದ್ದು ಡೈ ಗ್ರೈಂಡರ್, ಅದಕ್ಕೆ ಅಲ್ಯೂಮಿನಿಯಂಗೆಂದೇ ಬರುವ ಅಗಲ ಹಲ್ಲಿನ ಕಾರ್ಬೈಡ್ ಬರ್. ಉಕ್ಕಿಗೆ ಬಳಸುವ ಸಣ್ಣ ಹಲ್ಲಿನದು ಎರಡು ನಿಮಿಷದಲ್ಲಿ ಕಟ್ಟಿಕೊಳ್ಳುತ್ತದೆ. ಬರ್ ಅನ್ನು ಆಗಾಗ ಮೇಣದಬತ್ತಿಗೆ ತಾಗಿಸಿದರೆ ಲೋಹ ಮೆತ್ತುವುದು ತಪ್ಪುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕೇ ಬೇಕು. ಆ ಪುಡಿ ಸೂಜಿಯ ಹಾಗಿರುತ್ತದೆ.

ಗೀರಿದ ಗೆರೆಯ ತನಕ ಮಾತ್ರ, ಗೆರೆ ಉಳಿಯುವ ಹಾಗೆ ತೆಗೆಯಿರಿ. ಅಲ್ಲಿಂದ ಒಳಗೆ 25-30 ಮಿಮೀ ದೂರಕ್ಕೆ ನಿಧಾನ ಇಳಿಜಾರಿನಲ್ಲಿ ಹಳೆಯ ಗೋಡೆಗೆ ಸೇರಿಸಿ. ನಡುವೆ ಹೊಟ್ಟೆ ಬರಬಾರದು. ಬೆರಳು ಹಾಕಿ ಸವರಿ, ಕಣ್ಣಿಗಿಂತ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಒಂದು ರನ್ನರ್ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ನಾಲ್ಕಕ್ಕೂ ಒಂದು ಸುತ್ತು, ಮತ್ತೆ ನಾಲ್ಕಕ್ಕೂ ಒಂದು ಸುತ್ತು. ಕೊನೆಗೆ ನಾಲ್ಕೂ ಬಾಯಿಗೆ ಒಂದೇ ಅಚ್ಚು ಇಟ್ಟು ನೋಡಿ.

ಗೋಡೆ ಎಷ್ಟು ದಪ್ಪ ಇದೆ ಎಂದು ಅಳೆಯದೆ ಕೈ ಹಾಕಬೇಡಿ. 3 ಮಿಮೀಗಿಂತ ತೆಳು ಮಾಡಬಾರದು, ಒಳಗೆ ಬೂಸ್ಟ್ ಇರುತ್ತದೆ. ನಾನು ಕಲಿಯುವ ದಿನಗಳಲ್ಲಿ ಒಬ್ಬರ ಗಾಡಿಯ ಮ್ಯಾನಿಫೋಲ್ಡಿನಲ್ಲಿ ಇಂಜೆಕ್ಟರ್ ಕೂರುವ ಜಾಗದ ಹತ್ತಿರ ಕೊರೆಯುತ್ತಿದ್ದೆ. ಹೊರಗೆ ಅಲ್ಲಿ ಉಬ್ಬು ಇತ್ತು, ಹಾಗಾಗಿ ದಪ್ಪ ಇದೆ ಎಂದು ಧೈರ್ಯ. ಉಬ್ಬಿನ ಪಕ್ಕದಲ್ಲಿ ಅಡಿಕೆ ಹಾಳೆಯಷ್ಟು ತೆಳು ಇತ್ತು. ಬರ್ ಆಚೆ ಬಂತು. ಆರ್ಗಾನ್ ವೆಲ್ಡಿಂಗ್ ಮಾಡಿಸಿದೆವು, ಬಿಸಿಗೆ ಮುಖದ ಪಟ್ಟಿ ಸೊಟ್ಟಗಾಯಿತು, ಅದನ್ನು ಮಷೀನಿಗೆ ಕೊಟ್ಟು ನೇರ ಮಾಡಿಸಿದೆವು. ಕೊನೆಗೂ ಸೋರಿತು. ಬೇರೆ ಮ್ಯಾನಿಫೋಲ್ಡ್ ನನ್ನ ಕೈಯಿಂದ ತರಿಸಿಕೊಟ್ಟೆ. ಆ ತೂತು ಬಿದ್ದದ್ದು ಈಗಲೂ ನನ್ನ ಬೆಂಚಿನ ಕೆಳಗಿದೆ, ಕಲಿಯಲು ಬಂದ ಹುಡುಗರಿಗೆ ತೋರಿಸುತ್ತೇನೆ.

ಪಾಲಿಶ್ ಬೇಡವೇ ಬೇಡ. ನಿಮ್ಮ ಗಾಡಿಯಲ್ಲಿ ಪೆಟ್ರೋಲ್ ರನ್ನರಿನ ತುದಿಯಲ್ಲೇ ಚಿಮ್ಮುತ್ತದೆ. ಕನ್ನಡಿಯಂಥ ಗೋಡೆಯಾದರೆ ಅದು ಹನಿಯಾಗಿ ಅಂಟಿ, ತೊರೆಯಾಗಿ ಹರಿಯುತ್ತದೆ. ಗೋಡೆ ಸ್ವಲ್ಪ ತರಿಯಾಗಿದ್ದರೆ ಗಾಳಿ ಅದನ್ನು ಎಬ್ಬಿಸಿಕೊಂಡು ಹೋಗುತ್ತದೆ. 80 ನಂಬರಿನ ಎಮರಿ ಪೇಪರ್ ಸಾಕು, ಅಲ್ಲಿಗೆ ನಿಲ್ಲಿಸಿ.

ಈಗ ತೊಳೆಯುವುದು. ಇಡೀ ಕೆಲಸದಲ್ಲಿ ನಾನು ಅತ್ಯಂತ ಹೆದರುವ ಹಂತ ಇದು. ಮ್ಯಾನಿಫೋಲ್ಡಿನೊಳಗೆ ಉಳಿದ ಒಂದು ಲೋಹದ ಚೂರು ಎಲ್ಲಿಗೆ ಹೋಗುತ್ತದೆ ಯೋಚಿಸಿ. ಇನ್‌ಟೇಕ್ ವಾಲ್ವ್ ದಾಟಿ ಸಿಲಿಂಡರಿಗೆ, ಅಲ್ಲಿ ಗೋಡೆಗೆ ಗೀರು ಹಾಕಿ ಎಕ್ಸಾಸ್ಟ್ ವಾಲ್ವಿನಿಂದ ಹೊರಗೆ. ಹೊರಗೆ ಬಾಗಿಲಲ್ಲೇ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟಿ ತಿರುಗುತ್ತಿರುವ ಟರ್ಬೈನ್ ಚಕ್ರ ಇದೆ. ಟರ್ಬೊ ಇಲ್ಲದ ಗಾಡಿಯಲ್ಲಾದರೆ ಚೂರು ಸೈಲೆನ್ಸರಿನಲ್ಲಿ ಹೋಗಿ ಕೂರುತ್ತಿತ್ತು. ಬಿಸಿನೀರು, ಪಾತ್ರೆ ಸೋಪು, ಬಾಟಲಿ ತೊಳೆಯುವ ಬ್ರಷ್ಷು, ಕಂಪ್ರೆಸರ್ ಗಾಳಿ. ಮೂರು ಸಲ. ಆಮೇಲೆ ಬಿಳಿ ಪಂಚೆಯ ತುಂಡನ್ನು ಒಳಗೆ ಎಳೆದು ತೆಗೆಯಿರಿ, ಮಿನುಗುವುದೇನೂ ಅಂಟಿರಬಾರದು. ಕೆಲವರು ಅಯಸ್ಕಾಂತ ಆಡಿಸಿ ಕ್ಲೀನಾಯಿತು ಅನ್ನುತ್ತಾರೆ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಮಾರಾಯ್ರೆ! ಇದೇ ಕಾರಣಕ್ಕೆ ಹೆಡ್ಡಿನ ಬಾಯಿಯನ್ನು ಗಾಡಿಯಲ್ಲೇ ಇಟ್ಟು ಕೊರೆಯಲು ನಾನು ಒಪ್ಪುವುದಿಲ್ಲ. ಅದು ಹೆಡ್ ಇಳಿಸಿದಾಗಿನ ಕೆಲಸ.

ಕೂರಿಸುವಾಗ ಹೊಸ ಗ್ಯಾಸ್ಕೆಟ್. ಬೋಲ್ಟಿಗೆ ಕಚ್ಚದಂತೆ ಹಚ್ಚುವ ಪೇಸ್ಟ್ ತೀರಾ ತೆಳುವಾಗಿ, ನಡುವಿನಿಂದ ಹೊರಗೆ ಸ್ವಲ್ಪಸ್ವಲ್ಪವೇ ಬಿಗಿಯುತ್ತಾ ಬನ್ನಿ. ಇವು ಸಣ್ಣ ಬೋಲ್ಟುಗಳು, ಟಾರ್ಕ್ ರೆಂಚಿನಲ್ಲಿ ಮ್ಯಾನ್ಯುಯಲ್ ಹೇಳಿದಷ್ಟೇ. ಮಣಿಕಟ್ಟಿನ ಬಲ ತೋರಿಸಿದರೆ ಹೆಡ್ಡಿನ ತ್ರೆಡ್ ಕಿತ್ತು ಬರುತ್ತದೆ. ಆಮೇಲೆ ಗಾಳಿಯ ದಾರಿಯೊಳಗೆ ಹೊಗೆ ತುಂಬಿ ಲೀಕ್ ನೋಡುವ ಸ್ಮೋಕ್ ಟೆಸ್ಟ್ ಮಾಡಿಸಿ, ಎಲ್ಲಿಂದಲೂ ಹೊಗೆ ಬರಬಾರದು.

ಇದೇ ಓದಿ ಹೊಸ ಟರ್ಬೊ ಗಾಡಿಯವರೂ ಕೈ ಹಾಕಿಯಾರು, ಅವರಿಗೂ ಎರಡು ಮಾತು. ಈಗಿನ ಬಹಳಷ್ಟು ಗಾಡಿಗಳಲ್ಲಿ ಮ್ಯಾನಿಫೋಲ್ಡ್ ಪ್ಲಾಸ್ಟಿಕ್, ಗಾಜಿನ ನಾರು ಬೆರೆಸಿದ ನೈಲಾನ್. ಎರಡು ಚಿಪ್ಪುಗಳನ್ನು ಬೆಸೆದು ಮಾಡಿರುತ್ತಾರೆ. ಒಳಗೆ ಮೊದಲೇ ನುಣುಪು, ಗೋಡೆ ತೆಳು. ಕೊರೆದರೆ ಬೆಸುಗೆ ಸಡಿಲಾಗಿ ಬೂಸ್ಟಿಗೆ ಬಿರಿಯುತ್ತದೆ. ಪೋಲೊ ಜಿಟಿಯ 1.2 ಟಿಎಸ್‌ಐಯಲ್ಲಂತೂ ನೀರಿನಿಂದ ತಂಪಾಗುವ ಇಂಟರ್‌ಕೂಲರ್ ಮ್ಯಾನಿಫೋಲ್ಡಿನ ಒಳಗೇ ಕೂತಿದೆ. ಪೆಟ್ರೋಲ್ ನೇರ ಸಿಲಿಂಡರಿಗೆ ಚಿಮ್ಮುವ ಇಂಥ ಇಂಜಿನ್‌ಗಳಲ್ಲಿ ವಾಲ್ವಿನ ಬೆನ್ನನ್ನು ತೊಳೆಯುವವರಿಲ್ಲ, ಅಲ್ಲಿ ಕಪ್ಪು ಮಸಿ ದಪ್ಪಗೆ ಕಟ್ಟುತ್ತದೆ. ದಾರಿ ಅಗಲ ಮಾಡುವ ಆಸೆ ಇದ್ದರೆ ಆ ಮಸಿ ತೆಗೆಸಿ.

ನಿಮಗೆ ಇನ್ನೊಂದು ವಿಷಯ, ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದು ಇ20, ನೂರಕ್ಕೆ ಇಪ್ಪತ್ತು ಎಥನಾಲ್. ಶುದ್ಧ ಪೆಟ್ರೋಲಿಗೆ ಒಂದು ಪಾಲಿಗೆ 14.7 ಪಾಲು ಗಾಳಿ ಸರಿಯಾದರೆ ಇದಕ್ಕೆ ಸುಮಾರು 13.5. ನಿಮ್ಮ ಹಳೆಯ ಕಂಪ್ಯೂಟರ್ ಮಾಮೂಲಿ ಓಟದಲ್ಲಿ ಆಕ್ಸಿಜನ್ ಸೆನ್ಸರ್ ನೋಡಿ ಪೆಟ್ರೋಲ್ ಜಾಸ್ತಿ ಮಾಡಿಕೊಂಡು ನಿಭಾಯಿಸುತ್ತದೆ. ಆದರೆ ಅದರ ಕೈಯಲ್ಲಿ ಹೆಚ್ಚುಕಡಿಮೆ ಮಾಡಲು ಮೊದಲಿದ್ದಷ್ಟು ಅವಕಾಶ ಈಗ ಇಲ್ಲ. ಲೀಕ್ ಇರುವ, ಹಂಚಿಕೆ ಕೆಟ್ಟ ಮ್ಯಾನಿಫೋಲ್ಡಿಗೆ ಇದು ಒಳ್ಳೆಯ ಕಾಲವಲ್ಲ. ಸ್ಕ್ಯಾನರ್ ಹಾಕಿದಾಗ ಫ್ಯೂಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡಿಕೊಂಡ ಅಳತೆ, ಎಷ್ಟಿದೆ ಎಂದೂ ಬರೆದಿಟ್ಟುಕೊಳ್ಳಿ. ಮ್ಯಾನಿಫೋಲ್ಡ್ ಬಿಚ್ಚುವ ಮೊದಲಿನ ಅಂಕಿ, ಕೂರಿಸಿದ ಮೇಲಿನ ಅಂಕಿ, ಎರಡೂ ಒಂದೇ ಬಂಕಿನ ಪೆಟ್ರೋಲಿನಲ್ಲಿ.

ಇಂಜಿನ್ನಿನ ಶಕ್ತಿ ಬದಲಾಗುವಂಥ ಕೆಲಸ ಮಾಡಿಸುವುದಾದರೆ ವಿಮೆಯವರಿಗೆ ಮೊದಲೇ ತಿಳಿಸಿ. ಪೋರ್ಟ್ ಮ್ಯಾಚಿಂಗ್ ಅಷ್ಟು ದೂರ ಹೋಗುವುದಿಲ್ಲ, ಜೊತೆಗೆ ಟ್ಯೂನಿಂಗ್ ಮಾಡಿಸಿದರೆ ಹೋಗುತ್ತದೆ.

ಮುಂದಿನ ಸಲ ಶಿರಸಿಗೆ ಹೊರಡುವ ಮುಂಚೆ ಬಂಪರ್ ಬಿಚ್ಚಿಸಿ ಇಂಟರ್‌ಕೂಲರಿನ ಒಂದು ಫೋಟೊ, ಬ್ಲಾಕ್ 002, 020 ಮತ್ತು 115ರ ಅಂಕಿಗಳು, ಇಷ್ಟು ಕಳಿಸಿ. ಫುಲ್ ಥ್ರಾಟಲ್ ಅಂಕಿಯನ್ನು ಅಂಕೋಲಾ ಆಚೆ ನೇರ ರಸ್ತೆಯಲ್ಲಿ, ಬೆಳಿಗ್ಗೆ ಖಾಲಿ ಇರುವಾಗ, ಪಕ್ಕದಲ್ಲಿ ಕೂತವರು ಬರೆದುಕೊಳ್ಳಲಿ. ನೀವು ರಸ್ತೆ ನೋಡಿ.